ಬಿಚ್ಚುವ ಮುಂಚೆ ಕೇಳಿ: ಹಳೇ ಕಾರಿನ ಕ್ಲಚ್ ಕಲಿಸುವ ವಿಜ್ಞಾನ



"ಓದು ತಲೆಗೆ ಹತ್ತದಿದ್ರೆ ಗ್ಯಾರೇಜಿಗೆ ಸೇರ್ಕೊ" ಅನ್ನೋ ಮಾತನ್ನು ನೀವು ಒಂದಲ್ಲ ಒಂದು ಸಲ ಕೇಳಿರುತ್ತೀರಿ. ಮನೇಲಿ ಕೇಳಿರಬಹುದು, ಶಾಲೇಲೂ ಕೇಳಿರಬಹುದು. ಗಾಡಿ ರಿಪೇರಿಗೆ ಬುದ್ಧಿ ಬೇಡ, ಸ್ಪ್ಯಾನರ್ ಹಿಡಿಯುವ ಕೈ ಇದ್ದರೆ ಸಾಕು ಅನ್ನೋದು ಆ ಮಾತಿನ ಒಳಗಿರುವ ಅರ್ಥ. ಅದು ತಪ್ಪು ಅಂತ ನಿಮಗೆ ತೋರಿಸಬೇಕು ಅನ್ನೋದೇ ಈ ಲೇಖನದ ಉದ್ದೇಶ.

ಒಂದು ಹಳೇ ಕಾರು ನಿಮ್ಮ ಮುಂದೆ ನಿಂತಿದೆ ಅಂತ ಇಟ್ಟುಕೊಳ್ಳಿ. ಅದರ ಕ್ಲಚ್ಚಿನಲ್ಲಿ ಏನೋ ತೊಂದರೆ ಇದೆ. ಕ್ಲಚ್ ಇರುವುದು ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಲೋಹದ ಗೂಡಿನೊಳಗೆ. ಕಣ್ಣಿಗೆ ಕಾಣೋದಿಲ್ಲ. ನೋಡಬೇಕೆಂದರೆ ಗೇರ್ ಬಾಕ್ಸ್ ಇಳಿಸಬೇಕು. ಅದಕ್ಕೆ ಅರ್ಧ ದಿನವೋ ಇಡೀ ದಿನವೋ ಬೇಕು, ಕೂಲಿಯೂ ಆಗ್ತದೆ. ಇಳಿಸಿದ ಮೇಲೆ "ಅಯ್ಯೋ, ಇದರಲ್ಲಿ ಏನೂ ಆಗಿಲ್ಲವಲ್ಲ" ಅಂದರೆ ದುಡ್ಡೂ ಹೋಯ್ತು, ದಿನವೂ ಹೋಯ್ತು. ಬಿಚ್ಚದೆ, ಬರೀ ಕಿವಿ, ಮೂಗು, ಕಾಲಿನ ಸ್ಪರ್ಶದಿಂದ ಒಳಗಿನ ತೊಂದರೆ ಹೇಳಬೇಕು. ಅದಕ್ಕೆ ಬೇಕಾದದ್ದು ನೋಡುವುದು, ಊಹಿಸುವುದು, ಪರೀಕ್ಷಿಸುವುದು, ತಪ್ಪಾದ ಊಹೆಯನ್ನು ಬಿಡುವುದು. ನಿಮ್ಮ ಪುಸ್ತಕದಲ್ಲಿ ಇದಕ್ಕೆ ವೈಜ್ಞಾನಿಕ ವಿಧಾನ ಅಂತ ಹೆಸರಿದೆ. ಮಡಕಶಿರದ ಗ್ಯಾರೇಜಿನಲ್ಲಿ ಇದಕ್ಕೆ ಬೇರೆ ಹೆಸರಿಲ್ಲ, "ಚೆಕ್ ಮಾಡೋದು" ಅಂತಾರೆ, ಅಷ್ಟೇ. ಎರಡೂ ಒಂದೇ ಕೆಲಸ ಅನ್ನೋದು ನನ್ನ ವಾದ.

ಹಳೇ ಕಾರೇ ಯಾಕೆ?

ಹಳೇ ಕಾರಿನಲ್ಲಿ ಕಂಪ್ಯೂಟರ್ ಇಲ್ಲ. ತೊಂದರೆ ಏನು ಅಂತ ಯಾವ ದೀಪವೂ ಹತ್ತಿ ಹೇಳೋದಿಲ್ಲ. ಅಂಬಾಸಿಡರ್ ಕಾರನ್ನೇ ತಗೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸ ತಂದು, ಹಿಂದುಸ್ತಾನ್ ಮೋಟರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದನ್ನು ತಯಾರಿಸಿತು. ಇನ್ನೊಂದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಕಾರಿನ ವಿನ್ಯಾಸದ ಮೇಲೆ ಮುಂಬಯಿಯಲ್ಲಿ ತಯಾರಾದದ್ದು. ನಿಮ್ಮ ತಾತನವರನ್ನು ಕೇಳಿ ನೋಡಿ. ಮದುವೆಗೆ ಬಾಡಿಗೆ ಕಾರು, ಸರ್ಕಾರಿ ಅಧಿಕಾರಿಗಳ ಕಾರು ಅಂದರೆ ಬಹುಮಟ್ಟಿಗೆ ಇವೇ ಆಗಿದ್ದವು. ಇವುಗಳಲ್ಲಿ ಹಲವಕ್ಕೆ ಗೇರ್ ಹಾಕುವ ಕೋಲು ನೆಲದ ಮೇಲಿರದೆ ಸ್ಟೇರಿಂಗಿನ ಕೆಳಗೇ ಇರುತ್ತಿತ್ತು. ಹಳೇ ಕಾರುಗಳನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ, ಶಾಲಾ ಪ್ರವಾಸಕ್ಕೆ ಮೈಸೂರಿನ ಕಡೆ ಹೋದಾಗ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಸಂಗ್ರಹಾಲಯಕ್ಕೆ, ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರುಗಳ ಸಂಗ್ರಹಕ್ಕೆ ಹೋಗಿ ಬನ್ನಿ ಅಂತ ನಿಮ್ಮ ಮೇಷ್ಟ್ರನ್ನು ಕೇಳಿಕೊಳ್ಳಿ.

ಕ್ಲಚ್ ಮಾಡುವ ಕೆಲಸ

ಇಂಜಿನ್ ಒಮ್ಮೆ ಶುರುವಾದರೆ ತಿರುಗುತ್ತಲೇ ಇರಬೇಕು. ಆದರೆ ಕಾರು ನಿಲ್ಲಬೇಕು, ಹೊರಡಬೇಕು, ಗೇರ್ ಬದಲಾಯಿಸಬೇಕು. ಆದ್ದರಿಂದ ಇಂಜಿನ್ನಿನ ಸಂಬಂಧವನ್ನು ಬೇಕಾದಾಗ ಕಡಿದು, ಬೇಕಾದಾಗ ನಿಧಾನವಾಗಿ ಕೂಡಿಸುವ ಒಂದು ಸಾಧನ ಬೇಕು. ಅದೇ ಕ್ಲಚ್.

ಮಧ್ಯಾಹ್ನದ ಊಟದ ಸ್ಟೀಲ್ ತಟ್ಟೆಯನ್ನು ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಒತ್ತಿ ಹಿಡಿಯಿರಿ. ಇಬ್ಬರು ಸೇರಿ ಮಾಡಿ. ಒಬ್ಬರು ಒತ್ತಿ ಹಿಡಿಯಿರಿ, ಇನ್ನೊಬ್ಬರು ತಟ್ಟೆಯ ಅಂಚು ಹಿಡಿದು ತಿರುಗಿಸಲು ನೋಡಿ. ಬಿಗಿ ಇದ್ದರೆ ತಟ್ಟೆ ಅಲುಗೋದಿಲ್ಲ. ಒತ್ತಡ ಸ್ವಲ್ಪ ಸಡಿಲಿಸಿ, ಜಾರ್ತದೆ. ಈಗ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮೊದಲಿನಷ್ಟೇ ಬಿಗಿಯಾಗಿ ಒತ್ತಿ. ಆಗಲೂ ಜಾರ್ತದೆ! ಎರಡು ಸಲ ಜಾರಿತು, ಕಾರಣ ಮಾತ್ರ ಬೇರೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಕಾರಿನಲ್ಲಿ ತಟ್ಟೆಯ ಜಾಗದಲ್ಲಿರುವುದು ಕ್ಲಚ್ ಪ್ಲೇಟ್. ಅದರ ಎರಡೂ ಮುಖಕ್ಕೆ ಘರ್ಷಣೆ ಹೆಚ್ಚಿರುವ ಪಟ್ಟಿ ಅಂಟಿಸಿಯೋ ರಿವೆಟ್ ಹೊಡೆದೋ ಕೂರಿಸಿರುತ್ತಾರೆ. ಒಂದು ಅಂಗೈ ಅಂದರೆ ಇಂಜಿನ್ನಿಗೆ ಸೇರಿದ ಭಾರವಾದ ಚಕ್ರ, ಫ್ಲೈವೀಲ್. ಇನ್ನೊಂದು ಅಂಗೈ ಪ್ರೆಶರ್ ಪ್ಲೇಟ್. ಸ್ಪ್ರಿಂಗುಗಳು ಪ್ರೆಶರ್ ಪ್ಲೇಟನ್ನು ಒತ್ತಿ, ಕ್ಲಚ್ ಪ್ಲೇಟನ್ನು ನಡುವೆ ಸಿಕ್ಕಿಸಿ ಹಿಡಿದಿರುತ್ತವೆ. ಕ್ಲಚ್ ಪ್ಲೇಟಿನ ನಡುವಿನ ತೂತಿನಲ್ಲಿ ಗೇರ್ ಬಾಕ್ಸಿನ ಶಾಫ್ಟ್ ಕೂತಿರುತ್ತದೆ. ನೀವು ಪೆಡಲ್ ತುಳಿದಾಗ ಆ ಬಲ ತಂತಿಯಿಂದಲೋ, ಸಲಾಕೆಯಿಂದಲೋ, ಪೈಪಿನೊಳಗಿನ ದ್ರವದಿಂದಲೋ ಒಂದು ಕವಲುಕೋಲಿಗೆ ಮುಟ್ಟುತ್ತದೆ. ಆ ಕೋಲು ರಿಲೀಸ್ ಬೇರಿಂಗನ್ನು ಮುಂದಕ್ಕೆ ನೂಕುತ್ತದೆ. ಬೇರಿಂಗ್ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ. ಆಗ ಪ್ರೆಶರ್ ಪ್ಲೇಟ್ ಹಿಂದೆ ಸರಿದು ಹಿಡಿತ ಬಿಡುತ್ತದೆ. ತುಳಿದರೆ ಬಿಡುವುದು, ಬಿಟ್ಟರೆ ಹಿಡಿಯುವುದು. ಅಷ್ಟೇ ಕಥೆ.

ಇದರಲ್ಲಿ ನಿಮ್ಮ ಪಾಠ ಎಷ್ಟಿದೆ ನೋಡಿ. ಪೆಡಲ್ ಸನ್ನೆಕೋಲು. ದ್ರವದ ಪೈಪು ಪಾಸ್ಕಲ್ ನಿಯಮ. ಪ್ಲೇಟಿನ ಹಿಡಿತ ಘರ್ಷಣೆ. ಘರ್ಷಣೆಯ ಬಲ ಒತ್ತುವ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಫ್ರಾನ್ಸಿನ ಅಮೊಂಟನ್ 1699ರಲ್ಲೇ ಹೇಳಿದ್ದ. ಅದನ್ನೇ ನಂಬಿಕೊಂಡು ಇವತ್ತೂ ಕಾರು ದಿಣ್ಣೆ ಹತ್ತುತ್ತಿದೆ.

ಸ್ವಲ್ಪ ಲೆಕ್ಕ

ಲೆಕ್ಕ ಸುಲಭವಾಗಲಿ ಅಂತ ಊಹೆಯ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಸ್ಪ್ರಿಂಗುಗಳು ಒತ್ತುವ ಬಲ 4,000 ನ್ಯೂಟನ್. ಘರ್ಷಣಾ ಗುಣಾಂಕ 0.3. ಪಟ್ಟಿಯ ಸರಾಸರಿ ತ್ರಿಜ್ಯ 9 ಸೆಂಟಿಮೀಟರ್, ಅಂದರೆ 0.09 ಮೀಟರ್. ಹಿಡಿಯುವ ಮುಖಗಳು ಎರಡು. ಇವು ನಾಲ್ಕನ್ನೂ ಗುಣಿಸಿ: 2 × 0.3 × 4,000 × 0.09 = 216 ನ್ಯೂಟನ್ ಮೀಟರ್. ಇದು ಕ್ಲಚ್ ಜಾರದೆ ದಾಟಿಸಬಲ್ಲ ತಿರುಚು ಬಲ. ಇಂಜಿನ್ ಕೊಡುವುದು 100 ಅಂತ ಇಟ್ಟುಕೊಂಡರೆ, ಎರಡರಷ್ಟಕ್ಕಿಂತ ಹೆಚ್ಚು ಹಿಡಿತ ಇದೆ. ಚಿಂತೆ ಇಲ್ಲ.

ಈಗ ಪಟ್ಟಿಗೆ ಎಣ್ಣೆ ಬಿತ್ತು, ಗುಣಾಂಕ 0.1ಕ್ಕೆ ಇಳಿಯಿತು ಅನ್ನೋಣ. ಹಿಡಿತ 72 ಆಯ್ತು. ಇಂಜಿನ್ನಿನ 100 ತಡೆಯಲಾರದು, ಜಾರ್ತದೆ. ಇನ್ನೊಂದು ಕಾರಿನಲ್ಲಿ ಎಣ್ಣೆ ಇಲ್ಲ, ಆದರೆ ಒತ್ತುವ ಬಲವೇ 1,500 ನ್ಯೂಟನ್ನಿಗೆ ಇಳಿದಿದೆ ಅನ್ನೋಣ. ಹಿಡಿತ 81. ಅದೂ ಜಾರ್ತದೆ. ಡ್ರೈವರಿಗೆ ಎರಡೂ ಕಾರು ಒಂದೇ ಥರ ಕಾಣ್ತವೆ. ನೀವು ತಟ್ಟೆಯಲ್ಲಿ ನೋಡಿದ್ದೂ ಇದೇ.

ಜಾರಿದರೆ ಏನಾಗ್ತದೆ? ಇಂಜಿನ್ ನಿಮಿಷಕ್ಕೆ 500 ಸುತ್ತು ಜಾಸ್ತಿ ತಿರುಗುತ್ತಿದೆ, 72 ನ್ಯೂಟನ್ ಮೀಟರ್ ಹಿಡಿತದಲ್ಲಿ ಪ್ಲೇಟ್ ಜಾರುತ್ತಿದೆ ಅನ್ನಿ. 500 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 52 ರೇಡಿಯನ್. 72 × 52 = ಸುಮಾರು 3,750 ವ್ಯಾಟ್. ಅಂದರೆ 750 ವ್ಯಾಟಿನ ಐದು ಇಸ್ತ್ರಿಪೆಟ್ಟಿಗೆಗಳನ್ನು ಆ ಸಣ್ಣ ಗೂಡಿನೊಳಗೆ ಒಟ್ಟಿಗೆ ಹಚ್ಚಿಟ್ಟ ಹಾಗೆ! ಸುಟ್ಟ ವಾಸನೆ ಯಾಕೆ ಬರ್ತದೆ ಅಂತ ಈಗ ಗೊತ್ತಾಯ್ತಲ್ಲ.

ನಾಲ್ಕು ದೂರುಗಳು

ಗ್ಯಾರೇಜಿನಲ್ಲಿ ಇಂಥ ಮಾತು ನೀವು ಕೇಳಿರಬಹುದು.

"ಏನಾಗ್ತದಣ್ಣ ಗಾಡಿಗೆ?"

"ಎಳೀತಿಲ್ಲ ಕಣಪ್ಪ. ಕ್ಲಚ್ ಪ್ಲೇಟ್ ಹೋಗಿರಬೇಕು, ಹೊಸದು ಹಾಕ್ಬಿಡು."

ಇಲ್ಲಿ ಎರಡು ಮಾತಿವೆ. "ಎಳೀತಿಲ್ಲ" ಅನ್ನೋದು ಕಂಡದ್ದು. "ಪ್ಲೇಟ್ ಹೋಗಿದೆ" ಅನ್ನೋದು ಊಹೆ. ಒಳ್ಳೇ ಮೇಸ್ತ್ರಿ ಮೊದಲನೆಯದನ್ನು ತಗೊಳ್ತಾನೆ, ಎರಡನೆಯದನ್ನು ಪಕ್ಕಕ್ಕಿಡ್ತಾನೆ. "ಎಳೀದಿದ್ದಾಗ ಇಂಜಿನ್ ಸದ್ದು ಏರ್ತದಾ ಇಲ್ವಾ?" ಅಂತ ಕೇಳ್ತಾನೆ. ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸ್ತದೆ. ಸದ್ದು ಏರಿ ವೇಗ ಏರದಿದ್ದರೆ ಶಕ್ತಿ ನಡುವೆ ಎಲ್ಲೋ ಜಾರುತ್ತಿದೆ, ಕ್ಲಚ್ಚಿನ ಮೇಲೆ ಅನುಮಾನ. ಸದ್ದೇ ಏರದಿದ್ದರೆ ಪೆಟ್ರೋಲು ಬರುವ ದಾರಿ, ಕಿಡಿ, ಇಂಜಿನ್ ನೋಡಬೇಕು. ನ್ಯೂಟ್ರಲ್ಲಿನಲ್ಲೂ ಕಾರು ಸಲೀಸಾಗಿ ಉರುಳದೆ, ಚಕ್ರದ ಡ್ರಮ್ ಬಿಸಿಯಾಗಿದ್ದರೆ ಬ್ರೇಕು ಹಿಡಿದುಕೊಂಡಿದೆ. ಮೂರಕ್ಕೂ ದೂರು ಒಂದೇ, "ಎಳೀತಿಲ್ಲ." ಕ್ಲಚ್ಚಿನ ತೊಂದರೆ ಅಂತ ಖಚಿತವಾದ ಮೇಲೆ, ಅದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು.

ಮೊದಲನೆಯದು ಜಾರುವುದು. ದಿಣ್ಣೆ ಹತ್ತುವಾಗ, ದೊಡ್ಡ ಗೇರಿನಲ್ಲಿ, ಭಾರ ಇದ್ದಾಗ ಮೊದಲು ಗೊತ್ತಾಗ್ತದೆ. ಆಗಲೇ ಕ್ಲಚ್ ಹೆಚ್ಚು ತಿರುಚು ಬಲ ದಾಟಿಸಬೇಕಲ್ಲ. ಮೇಸ್ತ್ರಿ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡ್ತಾನೆ. ಹಿಡಿತ ಸರಿಯಿದ್ದರೆ ಇಂಜಿನ್ ಆಫ್ ಆಗಬೇಕು. ಆಗದೆ ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆ ಪ್ಲೇಟನ್ನು ಬಿಸಿ ಮಾಡ್ತದೆ, ಅದಕ್ಕೇ ಒಂದೆರಡು ಸೆಕೆಂಡಿಗಿಂತ ಹೆಚ್ಚು ಮಾಡೋದಿಲ್ಲ.

ಜಾರುವುದು ಖಚಿತವಾದ ಕೂಡಲೇ ಪ್ಲೇಟ್ ತರೋದಾ? ಇಲ್ಲ. ಮೊದಲು ಪೆಡಲಿನ ಆಟ ನೋಡಬೇಕು. ಪೆಡಲನ್ನು ಬೆರಳಿನಿಂದ ಒತ್ತಿದರೆ ಗಟ್ಟಿ ಸಿಗುವ ಮುಂಚೆ ಸ್ವಲ್ಪ ದೂರ ಸಡಿಲವಾಗಿ ಹೋಗಬೇಕು. ಹಲವು ಹಳೇ ಕಾರುಗಳಲ್ಲಿ ಇದು 2-3 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಈ ಆಟ ಇಲ್ಲದಿದ್ದರೆ, ಯಾರೂ ತುಳಿಯದಿದ್ದರೂ ರಿಲೀಸ್ ಬೇರಿಂಗ್ ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಅಂದರೆ ಸ್ಪ್ರಿಂಗಿನ ಪೂರ್ತಿ ಬಲ ಪ್ಲೇಟಿಗೆ ಸಿಗೋದಿಲ್ಲ. ಇಲ್ಲೊಂದು ಸ್ವಾರಸ್ಯ ಇದೆ. ತಂತಿ ಅಥವಾ ಸಲಾಕೆಯ ಕ್ಲಚ್ಚಿನಲ್ಲಿ ಪ್ಲೇಟ್ ಸವೆದಷ್ಟೂ ಪೆಡಲಿನ ಆಟ ಜಾಸ್ತಿಯಾಗ್ತದೆ ಅಂತ ನಾವು ಅಂದುಕೊಳ್ತೇವೆ. ನಿಜವಾಗಿ ಕಮ್ಮಿಯಾಗ್ತದೆ! ಪಟ್ಟಿ ತೆಳುವಾದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲಿನ ಕಡೆ ಸರಿಯುತ್ತದೆ, ಅದರ ಬೆರಳುಗಳ ಇನ್ನೊಂದು ತುದಿ ಬೇರಿಂಗಿನ ಕಡೆ ವಾಲುತ್ತದೆ. ಎರಡರ ನಡುವಿನ ಸಂದು ಕಿರಿದಾಗ್ತದೆ. ಆದ್ದರಿಂದ ಇನ್ನೂ ಜೀವ ಇರುವ ಪ್ಲೇಟು ಕೂಡ ಆಟ ಸರಿಮಾಡದೆ ಬಿಟ್ಟರೆ ಜಾರ್ತದೆ. ಒಂದು ನಟ್ಟು ತಿರುಗಿಸಿದರೆ ಸರಿಹೋಗುವ ತೊಂದರೆಗೆ ಗೇರ್ ಬಾಕ್ಸ್ ಇಳಿಸೋದು ಯಾವ ನ್ಯಾಯ?

ಆಟ ಸರಿ ಇದ್ದೂ ಜಾರಿದರೆ ಎಣ್ಣೆ ಹುಡುಕಬೇಕು. ಇಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆಯಾ? ಇಂಜಿನ್ ಎಣ್ಣೆಯಾ, ಗೇರ್ ಎಣ್ಣೆಯಾ? ಗೇರ್ ಎಣ್ಣೆಯ ವಾಸನೆಯೇ ಘಾಟು, ಮೂಗು ಹೇಳ್ತದೆ. ಇಂಜಿನ್ನಿನ ಹಿಂದಿನ ಸೀಲ್ ಹೋಗಿದ್ದರೆ ಹೊಸ ಪ್ಲೇಟ್ ಹಾಕಿ ಏನು ಉಪಯೋಗ? ಅದಕ್ಕೂ ಎಣ್ಣೆ ಬೀಳ್ತದೆ. ಇದೆಲ್ಲಾ ಅಲ್ಲ ಅಂತಾದ ಮೇಲೆ ಮಾತ್ರ ಸವೆದ ಪಟ್ಟಿ, ಸೋತ ಸ್ಪ್ರಿಂಗ್.

ಎರಡನೆಯದು ಬಿಡದಿರುವುದು. ಪೆಡಲ್ ಪೂರ್ತಿ ತುಳಿದರೂ ಪ್ಲೇಟ್ ತಿರುಗುತ್ತಲೇ ಇರುತ್ತದೆ. ಗೇರ್ ಬೀಳೋದು ಕಷ್ಟ, ಬಿದ್ದರೆ 'ಗರ್ರ್' ಅಂತದೆ. ಪರೀಕ್ಷೆ ಹೀಗೆ: ಇಂಜಿನ್ ನಿಧಾನಕ್ಕೆ ತಿರುಗುವಾಗ ಪೆಡಲ್ ತುಳಿದು, ಒಂದೈದು ಸೆಕೆಂಡ್ ಕಾದು, ರಿವರ್ಸ್ ಹಾಕಿ ನೋಡೋದು. ಹಳೇ ಗೇರ್ ಬಾಕ್ಸುಗಳಲ್ಲಿ ರಿವರ್ಸಿಗೆ ವೇಗ ಹೊಂದಿಸುವ ವ್ಯವಸ್ಥೆ ಇರೋದಿಲ್ಲ. ಆದ್ದರಿಂದ ಶಾಫ್ಟ್ ನಿಂತಿದ್ದರೆ ಸದ್ದಿಲ್ಲದೆ ಬೀಳ್ತದೆ, ತಿರುಗುತ್ತಿದ್ದರೆ ಹಲ್ಲು ಕಡೀತದೆ. ಕಾಯೋದು ಯಾಕೆ? ಶಾಫ್ಟ್ ತಾನಾಗಿ ನಿಲ್ಲಲು ಸಮಯ ಬೇಕು, ಜಡತ್ವ ಇದೆಯಲ್ಲ. ಕಾಯದೆ ಹಾಕಿದರೆ ಒಳ್ಳೇ ಕ್ಲಚ್ಚೂ ಸದ್ದು ಮಾಡ್ತದೆ, ಪರೀಕ್ಷೆ ಸುಳ್ಳು ಹೇಳ್ತದೆ.

ಕಾರಣ ಹುಡುಕುವಾಗ ಮತ್ತೆ ಹೊರಗಿನಿಂದಲೇ ಶುರು. ಪೆಡಲಿನ ಆಟ ವಿಪರೀತ ಜಾಸ್ತಿ ಆಗಿದೆಯಾ? ತಂತಿಯ ಎಳೆ ಬಿಟ್ಟಿದೆಯಾ? ದ್ರವದ ಕ್ಲಚ್ ಆದರೆ ಡಬ್ಬಿಯಲ್ಲಿ ದ್ರವ ಕಮ್ಮಿಯಾಗಿದೆಯಾ? ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ತುಳಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ, ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರಿನ ರಬ್ಬರ್ ಸೋತಿದೆ ಅನ್ನೋ ಅನುಮಾನ ಬಲವಾಗ್ತದೆ. ದ್ರವವನ್ನು ಒತ್ತಿ ಕುಗ್ಗಿಸೋದು ಬಹಳ ಕಷ್ಟ, ಗಾಳಿಯನ್ನು ಸುಲಭ. ನೀವು ಕೊಟ್ಟ ತುಳಿತವನ್ನು ಆ ಗಾಳಿಯ ಗುಳ್ಳೆ ನುಂಗಿಹಾಕ್ತದೆ. ಪಾಸ್ಕಲ್ ನಿಯಮ ಓದುವಾಗ ಸಿರಿಂಜುಗಳ ಪ್ರಯೋಗ ಮಾಡಿದ್ದರೆ ನೆನಪಿಸಿಕೊಳ್ಳಿ. ಇನ್ನು, ತುಂಬಾ ದಿನ ನಿಂತ ಕಾರಿನಲ್ಲಿ ತೇವಕ್ಕೆ ತುಕ್ಕು ಹಿಡಿದು ಪ್ಲೇಟ್ ಫ್ಲೈವೀಲಿಗೆ ಕಚ್ಚಿಕೊಂಡಿರೋದೂ ಉಂಟು. ಅದಕ್ಕೇ "ಗಾಡಿ ಎಷ್ಟು ದಿನದಿಂದ ನಿಂತಿತ್ತು?" ಅನ್ನೋದೂ ಒಂದು ಪರೀಕ್ಷೆಯೇ.

ಮೂರನೆಯದು ನಡುಗುವುದು. ಹೊರಡುವಾಗ ಕಾರು ಕುದುರೆ ಥರ ಜಗ್ಗಿ ಜಗ್ಗಿ ಹೊರಡ್ತದೆ. ಪಟ್ಟಿಯ ಮೇಲೆ ಅಲ್ಲಲ್ಲಿ ಎಣ್ಣೆ, ಬಿಸಿಗೆ ಕಲೆಗಟ್ಟಿದ ಫ್ಲೈವೀಲ್ ಕಾರಣ ಆಗಿರಬಹುದು. ಆದರೆ ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿದ್ದರೂ ಹೀಗೇ ಆಗ್ತದೆ. ರಬ್ಬರನ್ನು ಬಾನೆಟ್ ಎತ್ತಿದರೆ ನೋಡಬಹುದು. ನೋಡಲು ದುಡ್ಡು ಬೇಡ. ಹಾಗಾಗಿ ಅದೇ ಮೊದಲು.

ನಾಲ್ಕನೆಯದು ಸದ್ದು. ಇದು ನನಗೆ ಎಲ್ಲಕ್ಕಿಂತ ಇಷ್ಟ. ಯಾಕೆಂದರೆ ಇಲ್ಲಿ ಬೇಕಾದದ್ದು ಶುದ್ಧ ತರ್ಕ. ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಯಾವುದು ತಿರುಗುತ್ತಿದೆ, ಯಾವುದು ನಿಂತಿದೆ? ಕಾರು ನ್ಯೂಟ್ರಲ್ಲಿನಲ್ಲಿ, ಇಂಜಿನ್ ಚಾಲೂ ಇರಲಿ. ಪೆಡಲ್ ಬಿಟ್ಟಾಗ ಗೇರ್ ಬಾಕ್ಸಿನ ಶಾಫ್ಟ್ ತಿರುಗ್ತದೆ. ಆಗ ಸದ್ದಿದ್ದು, ಪೆಡಲ್ ತುಳಿದ ಕೂಡಲೇ ನಿಂತರೆ, ಆ ಶಾಫ್ಟಿನ ಬೇರಿಂಗಿನ ಮೇಲೆ ಅನುಮಾನ. ಪೆಡಲನ್ನು ಮೆಲ್ಲಗೆ ಒತ್ತಿ ಆಟ ಮುಗಿದ ಕ್ಷಣದಲ್ಲೇ ಸದ್ದು ಶುರುವಾದರೆ, ಅದು ರಿಲೀಸ್ ಬೇರಿಂಗ್. ಬೆರಳುಗಳಿಗೆ ಅದು ತಾಗಿದ್ದೇ ಆಗ. ಪೆಡಲ್ ಪೂರ್ತಿ ತುಳಿದು ಶಾಫ್ಟ್ ನಿಂತ ಮೇಲಷ್ಟೇ ಸದ್ದು ಬಂದರೆ, ಫ್ಲೈವೀಲಿನ ಕಡೆ ಶಾಫ್ಟಿನ ತುದಿ ಹಿಡಿದಿರುವ ಪೈಲಟ್ ಬೇರಿಂಗ್. ಶಾಫ್ಟ್ ನಿಂತು ಇಂಜಿನ್ ಮಾತ್ರ ತಿರುಗುವಾಗಲೇ ಅದಕ್ಕೆ ಕೆಲಸ. ಒಂದು ಪೆಡಲ್, ಮೂರು ಸ್ಥಾನ, ಮೂರು ಬೇರಿಂಗ್. ಒಂದು ಬೋಲ್ಟೂ ಬಿಚ್ಚಿಲ್ಲ ನೋಡಿ!

ವ್ಯಾಕರಣವೂ ಉಪಕರಣವೇ

ಈ ನಾಲ್ಕನೆಯ ದೂರಿನಲ್ಲಿ ಕನ್ನಡ ಶಾಲೆಯ ಮಕ್ಕಳಾದ ನಿಮಗೆ ಒಂದು ಆಸ್ತಿ ಇದೆ. ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಓದಿದ್ದೀರಿ. ಚಟಚಟ, ಗುಡುಗುಡು, ಪಟಪಟ ಅಂತ ಉದಾಹರಣೆ ಬರೆದು ಅಂಕ ತಗೊಂಡು ಮರೆತಿದ್ದೀರಿ. ಗ್ಯಾರೇಜಿನಲ್ಲಿ ಅವು ಅಳತೆ ಮಾಡುವ ಉಪಕರಣಗಳು. 'ಗರ್ರ್' ಅಂದರೆ ಹಲ್ಲಿಗೆ ಹಲ್ಲು ಹೊಂದದೆ ಕಡಿಯುವುದು. 'ಕುಂಯ್' ಅಥವಾ 'ಕಿರ್ರ್' ಅಂದರೆ ಒಣಗಿದ ಬೇರಿಂಗ್. 'ಗೊರಗೊರ' ಅಂದರೆ ಸವೆದ ಬೇರಿಂಗ್. 'ಟಕ್' ಅಂತ ಒಂದೇ ಸಲ ಹೊಡೆದರೆ ಎಲ್ಲೋ ಸಡಿಲ ಇದೆ. ಇದನ್ನು ಬರೀ "ಸೌಂಡ್ ಬರ್ತದೆ" ಅಂತ ಹೇಳಿದರೆ ಮೇಸ್ತ್ರಿಗೆ ಏನು ಗೊತ್ತಾಗ್ತದೆ? ಎಂಥ ಸದ್ದು, ಯಾವಾಗ, ಎಷ್ಟು ಹೊತ್ತು ಅಂತ ನಿಖರವಾಗಿ ಹೇಳುವ ಶಕ್ತಿ ನಿಮ್ಮ ಮನೆಮಾತಿನಲ್ಲಿದೆ.

ನಮ್ಮ ಗಡಿ ಊರಿನ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. 2022ರ ಏಪ್ರಿಲ್‌ನಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಯಾವುದೇ ಆಗಲಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಮುಂದೆ ಓದಲು ಇಂಗ್ಲಿಷ್ ಅನ್ನೋದು ನಿಮ್ಮ ಬದುಕು. ವಿಜ್ಞಾನ ಅಂದರೆ ಇಂಗ್ಲಿಷಿನಲ್ಲಿ ಇರುವ ಏನೋ ದೊಡ್ಡದು, ನಮಗಲ್ಲ ಅನ್ನೋ ಅಂಜಿಕೆ ನಿಮ್ಮಲ್ಲಿ ಅನೇಕರಿಗಿದೆ. ಕ್ಲಚ್, ಗೇರ್, ಬೇರಿಂಗ್ ಹೊರಗಿನಿಂದ ಬಂದ ಪದಗಳು, ನಿಜ. ಹೆಸರುಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಆದರೆ "ಇದು ಹೀಗಿದ್ದರೆ ಅದು ಹಾಗಾಗಬೇಕಿತ್ತು, ಆಗಲಿಲ್ಲ, ಆದ್ದರಿಂದ ಇದಲ್ಲ" ಅನ್ನೋ ಯೋಚನೆಗೆ ಯಾವ ಭಾಷೆಯ ಹಂಗೂ ಇಲ್ಲ. ಅದನ್ನು ನೀವು ಕನ್ನಡದಲ್ಲೇ ಮಾಡಬಲ್ಲಿರಿ, ಈಗಲೇ.

ಮೂರು ನಿಯಮಗಳು

ಮೇಲೆ ಹೇಳಿದ ಎಲ್ಲದರಲ್ಲೂ ಮೂರು ನಿಯಮ ಅಡಗಿವೆ. ಒಂದು: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡಿ. ಎರಡು: ಖರ್ಚಿಲ್ಲದ, ಬಿಚ್ಚಬೇಕಿಲ್ಲದ ಪರೀಕ್ಷೆ ಮೊದಲು. ಮೂರು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಪ್ಲೇಟು, ಬೇರಿಂಗು, ತಂತಿ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಕಾರು ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ, ಕಲಿಕೆ ಸೊನ್ನೆ. ಗೇರ್ ಬಾಕ್ಸ್ ಇಳಿಸಿದ ಮೇಲೆ ಬೇರಿಂಗನ್ನೂ ಜೊತೆಗೇ ಹಾಕೋದು ಮಾತ್ರ ಜಾಣತನ. ಅದು ಮತ್ತೊಮ್ಮೆ ಇಳಿಸುವ ಕೂಲಿ ಉಳಿಸಲು, ಕಾರಣ ಕಂಡುಹಿಡಿಯಲು ಅಲ್ಲ. ಎರಡರ ವ್ಯತ್ಯಾಸ ಗೊತ್ತಿರಬೇಕು.

ಎಲ್ಲಾ ಮೇಸ್ತ್ರಿಗಳೂ ಹೀಗೇ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಕೀ ಕೈಗೆ ಬಂದ ಕೂಡಲೇ "ಪ್ಲೇಟ್ ಹೋಗಿದೆ" ಅನ್ನುವವರೂ ಇದ್ದಾರೆ. ಶಾಲೆಯಲ್ಲೂ ಹಾಗೇ, ಪ್ರಯೋಗ ಮಾಡದೆ ಉತ್ತರ ಬರೆಸುವವರು ಇಲ್ವಾ? ಎರಡು ಕಡೆಯೂ ತಪ್ಪು ಒಂದೇ: ಕೇಳುವ ಮುಂಚೆ ಉತ್ತರ ಕೊಡುವುದು.

"ಮುಂದೆ ಕ್ಲಚ್ಚೇ ಇರೋದಿಲ್ಲವಲ್ಲ ಸಾರ್?"

ಈ ಪ್ರಶ್ನೆ ನೀವು ಕೇಳಲೇಬೇಕು. ಬ್ಯಾಟರಿ ಕಾರು, ಬ್ಯಾಟರಿ ಸ್ಕೂಟರುಗಳಿಗೆ ಸಾಮಾನ್ಯವಾಗಿ ಇಂಥ ಕ್ಲಚ್ ಪೆಡಲ್ ಇರೋದಿಲ್ಲ. ನಿಂತಲ್ಲಿಂದಲೇ ಬಲ ಕೊಡುವ ಶಕ್ತಿ ವಿದ್ಯುತ್ ಮೋಟಾರಿಗಿದೆ, ಅದನ್ನು ನಿಲ್ಲಿಸಲೂಬಹುದು. ಹೊಸ ಪೆಟ್ರೋಲ್ ಕಾರುಗಳಿಗೆ ಯಂತ್ರ ಸಿಕ್ಕಿಸಿ ತೊಂದರೆಯ ಸಂಖ್ಯೆ ಓದ್ತಾರೆ. ಹಾಗಾದರೆ ಹಳೇ ಕ್ಲಚ್ ಯಾಕೆ ಕಲಿಯಬೇಕು?

ಮೊದಲ ಉತ್ತರ: ಇನ್ನೂ ಬಹಳ ವರ್ಷ ಕ್ಲಚ್ ನಿಮ್ಮ ಸುತ್ತ ಇರ್ತದೆ. ಹಿಂದೂಪುರದಿಂದ ಮಡಕಶಿರ, ರೊಳ್ಳ, ಅಗಳಿ ದಾಟಿ ಶಿರಾ ಕಡೆ ಹೋಗುವ ಲಾರಿಗಳಲ್ಲಿ ಇದೆ. ಮೋಟಾರ್ ಸೈಕಲ್ಲಿನಲ್ಲಿ ಎಣ್ಣೆಯಲ್ಲೇ ಮುಳುಗಿದ ಹಲವು ಪ್ಲೇಟುಗಳ ಕ್ಲಚ್ ಇದೆ. ಎಣ್ಣೆ ಇದ್ದೂ ಅದು ಯಾಕೆ ಜಾರೋದಿಲ್ಲ ಅಂತ ಯೋಚಿಸಿ, ಪ್ಲೇಟುಗಳ ಸಂಖ್ಯೆಯಲ್ಲಿ ಸುಳಿವಿದೆ. ಕಡಲೆಕಾಯಿ ಹೊಲ ಉಳುವ ಟ್ರಾಕ್ಟರಿನಲ್ಲಿ ಇದೆ. ಕೆಲವು ಟ್ರಾಕ್ಟರುಗಳಲ್ಲಿ ಪೆಡಲನ್ನು ಅರ್ಧ ತುಳಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಪೂರ್ತಿ ತುಳಿದರೆ ಹಿಂದಿನ ಯಂತ್ರ ತಿರುಗಿಸುವ ಶಾಫ್ಟೂ ನಿಲ್ಲುತ್ತದೆ. ಬಿತ್ತನೆ ಹೊತ್ತಿಗೆ ಅದರ ಕ್ಲಚ್ ಕೆಟ್ಟರೆ ಮನೆಯ ಲೆಕ್ಕವೇ ಏರುಪೇರಾಗ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಎರಡನೆಯ ಉತ್ತರ ಇನ್ನೂ ಮುಖ್ಯ. ಯಂತ್ರ ಕೊಡುವ ಸಂಖ್ಯೆಯೂ ಒಂದು ದೂರಷ್ಟೇ, ಕಾರಣ ಅಲ್ಲ. ಸಂಖ್ಯೆ ನೋಡಿ ಸಾಮಾನು ಬದಲಾಯಿಸುವವನಿಗೂ, "ಎಳೀತಿಲ್ಲ" ಅಂದ ಕೂಡಲೇ ಪ್ಲೇಟ್ ಬದಲಾಯಿಸುವವನಿಗೂ ವ್ಯತ್ಯಾಸ ಇಲ್ಲ. ಹೊಲದ ಮೋಟಾರ್ ಪಂಪು ನೀರು ಎತ್ತದಿದ್ದಾಗ, ಮನೆಯ ದೀಪ ಮಿಣುಕಿದಾಗ, ಮುಂದೆ ನೀವು ಡಾಕ್ಟರಾಗಿ ರೋಗಿಯ ಮುಂದೆ ಕೂತಾಗಲೂ ಬೇಕಾಗೋದು ಅದೇ ಮೂರು ನಿಯಮ.

ಹಾಗಾದರೆ ಏನು ಮಾಡೋಣ?

ಶಿಕ್ಷಕ ಮಿತ್ರರಿಗೆ ಒಂದು ಮಾತು. "ಘರ್ಷಣೆ ಎಂದರೇನು?" ಅಂತ ಕೇಳಿದರೆ ಮಕ್ಕಳು ಬಾಯಿಪಾಠ ಒಪ್ಪಿಸ್ತಾರೆ. ಅದರ ಬದಲು "ದಿಣ್ಣೆ ಹತ್ತುವಾಗ ಇಂಜಿನ್ ಸದ್ದು ಏರುತ್ತದೆ, ಕಾರು ನಿಧಾನವಾಗುತ್ತದೆ. ಮೊದಲು ಏನು ನೋಡುತ್ತೀರಿ, ಯಾಕೆ?" ಅಂತ ಕೇಳೋಣ. ವಿಜ್ಞಾನ ಸಂಘದ ಒಂದು ಶನಿವಾರ ಊರಿನ ಒಬ್ಬ ಮೇಸ್ತ್ರಿಯವರನ್ನು ಅತಿಥಿಯಾಗಿ ಕರೆದು, ಹಾರ ಹಾಕಿ, ಕುರ್ಚಿ ಕೊಟ್ಟು, ಹಳೇ ಸವೆದ ಪ್ಲೇಟೊಂದನ್ನು ಮಕ್ಕಳ ಮುಂದೆ ಇಡಿಸೋಣ. ಅವರು ಓದಿರುವ ತರಗತಿ ಎಷ್ಟು ಅಂತ ಕೇಳೋದು ಬೇಡ. ಹೇಗೆ ಕಂಡುಹಿಡಿತಾರೆ ಅಂತ ಕೇಳೋಣ.

ವಿದ್ಯಾರ್ಥಿಗಳೇ, ನಿಮಗೂ ಕೆಲಸ ಇದೆ. ಹತ್ತನೆಯ ತರಗತಿ ಆದ ಮೇಲೆ ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಅನ್ನೋ 2 ವರ್ಷದ ಕೋರ್ಸ್ ಇದೆ. ಅದಕ್ಕೆ ಹೋಗುವವರು ತಲೆತಗ್ಗಿಸಬೇಕಿಲ್ಲ, ಹುಡುಗಿಯರು ಹಿಂಜರಿಯಬೇಕಿಲ್ಲ. ಅದಕ್ಕೆ ಹೋಗದವರೂ ಒಂದು ನೋಟ್‌ಬುಕ್ ಇಡಿ. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿ, ಪಂಪು, ಮಿಕ್ಸಿ ಕೆಟ್ಟಾಗ ಮೂರು ಸಾಲು ಬರೆಯಿರಿ: ಏನು ಕಂಡಿತು, ಯಾವ ಸದ್ದು, ಯಾವಾಗ. ರಿಪೇರಿ ಆದ ಮೇಲೆ ನಾಲ್ಕನೆಯ ಸಾಲು ಬರೆಯಿರಿ: ನಿಜವಾದ ಕಾರಣ ಏನಿತ್ತು. ಇಂಥ ಹತ್ತು ಪುಟ ಆದ ಮೇಲೆ ನಿಮ್ಮ ಊಹೆ ಎಷ್ಟು ಸಲ ಸರಿಯಾಯಿತು ಅಂತ ಎಣಿಸಿ.

ಎಚ್ಚರಿಕೆಯೂ ಇರಲಿ. 18 ತುಂಬುವ ಮುಂಚೆ ಕಾರಿನ ಇಂಜಿನ್ ಚಾಲೂ ಮಾಡಿ ಪರೀಕ್ಷೆ ಮಾಡಲು ಹೋಗಬೇಡಿ, ಮಾಡುವವರ ಪಕ್ಕ ನಿಂತು ನೋಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಸುಳಬೇಡಿ. ಹಳೇ ಕ್ಲಚ್ ಪಟ್ಟಿಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಕೊನೆಗೊಂದು ಲೆಕ್ಕ ನಿಮಗೇ ಬಿಡುತ್ತೇನೆ. ಒಂದು ಹಳೇ ಕಾರು. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ 'ಕಿರ್ರ್' ಅಂತದೆ, ಕಾಲು ತೆಗೆದರೆ ನಿಲ್ಲುತ್ತದೆ. ಡ್ರೈವರಿಗೆ ದಾರಿಯುದ್ದಕ್ಕೂ ಪೆಡಲ್ ಮೇಲೇ ಕಾಲಿಟ್ಟುಕೊಳ್ಳುವ ಅಭ್ಯಾಸ ಇದೆ. ಯಾವ ಭಾಗ ಕೆಟ್ಟಿದೆ? ಯಾಕೆ ಕೆಟ್ಟಿತು? ಹೊಸದು ಹಾಕಿದರೆ ಸಾಕಾ, ಇಲ್ಲ ಇನ್ನೇನನ್ನಾದರೂ ಬದಲಾಯಿಸಬೇಕಾ? ಉತ್ತರವನ್ನು ಕಾರಣದ ಸಮೇತ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.